ವಿಭಾಗ 'ನಮ್ಮದು' ಅಂತ ಎಲ್ಲರಿಗೂ ಅನಿಸಬೇಕಾದರೆ ಏನು ಮಾಡಬೇಕು?

ನೀವು ಈಗಷ್ಟೇ ವಿಭಾಗದ ಮುಖ್ಯಸ್ಥರಾಗಿದ್ದೀರಿ. ಮಕ್ಕಳು ಕ್ಲಾಸ್ ಮುಗಿದ ಕೂಡಲೇ ಬಸ್ ಹಿಡಿಯುತ್ತಾರೆ, ಸಿಬ್ಬಂದಿ ಸಹಿ ಹಾಕಿ ಹೊರಡುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ಹಳೇ ಮೈಸೂರು ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಅತಿಥಿ ಉಪನ್ಯಾಸಕಿ. ಎಂ.ಎ. ಮಕ್ಕಳಿಗೆ ಇತಿಹಾಸ ಪಾಠ ಮಾಡುತ್ತೇನೆ.

ಸ್ವಾಗತ ಸಮಾರಂಭವನ್ನೇ ಜಾಸ್ತಿ ನಂಬಬೇಡಿ. ಹೊಸಬರಿಗಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರಲ್ಲಿ 'ದೀಕ್ಷಾರಂಭ' ಎಂಬ ಮಾರ್ಗದರ್ಶಿ ತಂದಿತು. ಸಣ್ಣ ಗುಂಪಿಗೆ ಒಬ್ಬರು ಮೇಷ್ಟ್ರು ಎಂಬ ಒಳ್ಳೆಯ ಮಾತು ಅದರಲ್ಲಿದೆ. ಆದರೆ ಎಷ್ಟೋ ಕಡೆ ದೀಪ ಹಚ್ಚಿ, ಭಾಷಣ ಮಾಡಿ, ಫೋಟೋ ತೆಗೆಸಿಕೊಳ್ಳುವಲ್ಲಿಗೆ ಅದು ಮುಗಿಯುತ್ತದೆ. ಮಕ್ಕಳು ಮಂಕಾಗುವುದು ಆಮೇಲೆ, ಮೊದಲ ಇಂಟರ್ನಲ್ಸ್ ಹೊತ್ತಿಗೆ.

ಬೀದರ್ ಕಡೆಯ ಒಬ್ಬ ಹುಡುಗ ನಮ್ಮಲ್ಲಿ ಸೇರಿದ್ದ. ಅವನ ಮಾತಿನ ಧಾಟಿಗೆ ಪಕ್ಕದವರು ನಗುತ್ತಿದ್ದರು, ಅದಕ್ಕೇ ಬಾಯಿ ಬಿಡುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ದಿನಾ ಮುದ್ದೆ, ಅನ್ನ. ಜೋಳದ ರೊಟ್ಟಿ ಕಾಣದೆ ಸೊರಗಿದ್ದ. ಆಮೇಲೆ ಕ್ಲಾಸಿಗೇ ಬರಲಿಲ್ಲ. ನಮ್ಮ ಅಟೆಂಡರ್ ಫೋನ್ ಮಾಡಿ, 'ಯಾಕಪ್ಪಾ, ಹುಷಾರಿಲ್ವಾ?' ಎಂದು ಕೇಳಿದರು. ಮರುದಿನವೇ ಬಂದ. ಮುಂದೆ ಸೆಮಿನಾರಿನಲ್ಲಿ ತನ್ನೂರಿನ ಮಹಮೂದ್ ಗವಾನ್ ಮದರಸಾ ಬಗ್ಗೆ ತನ್ನ ಕನ್ನಡದಲ್ಲೇ ಮಾತಾಡಿದ. 15ನೇ ಶತಮಾನದಲ್ಲಿ ದೂರದೂರದಿಂದ ಬಂದವರು ಅಲ್ಲೇ ಉಳಿದು ಓದುತ್ತಿದ್ದರು ಎಂದು ವಿವರಿಸಿದ. ಹಿಂದೆ ನಕ್ಕವರೇ ಪ್ರಶ್ನೆ ಕೇಳಿದರು.

ಬರದಿದ್ದರೆ 'ಯಾಕೆ ಬರಲಿಲ್ಲ' ಎಂದು ಕೇಳುವವರು ಒಬ್ಬರಿರಬೇಕು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ.

ಸಿಬ್ಬಂದಿಗೂ ಅಷ್ಟೇ ಅಲ್ವಾ? ಅತಿಥಿ ಉಪನ್ಯಾಸಕರಿಗೆ ಎಷ್ಟೋ ಕಡೆ ಸ್ಟಾಫ್ ರೂಮಿನಲ್ಲಿ ಕುರ್ಚಿ ಇರುವುದಿಲ್ಲ. ಟೈಮ್‌ಟೇಬಲ್‌ನಲ್ಲಿ ಹೆಸರಿನ ಜಾಗದಲ್ಲಿ 'ಜಿ.ಎಫ್.' (ಗೆಸ್ಟ್ ಫ್ಯಾಕಲ್ಟಿ) ಎಂದಿರುತ್ತದೆ. ಪಾಠ ಬೇಕು, ವಿಭಾಗದ ಸಭೆಗೆ ಮಾತ್ರ ಕರೆಯುವುದಿಲ್ಲ. ಮುಂದಿನ ಸೆಮಿಸ್ಟರ್‌ಗೆ ಇರುತ್ತೇವೋ ಇಲ್ಲವೋ ಗೊತ್ತಿಲ್ಲದವರು ಸುಮ್ನೆ 'ನಮ್ಮ ವಿಭಾಗ' ಅನ್ನುವುದು ಹೇಗೆ? ಕೆಲಸ ಕಾಯಂ ಮಾಡುವುದು ನಿಮ್ಮ ಕೈಯಲ್ಲಿಲ್ಲ, ನಿಜ. ಹೆಸರು ಬರೆಸುವುದು, ಕುರ್ಚಿ ಹಾಕಿಸುವುದು, ಸಭೆಗೆ ಕರೆಯುವುದು ನಿಮ್ಮ ಕೈಯಲ್ಲೇ ಇದೆ. ಅಟೆಂಡರ್, ಕ್ಲರ್ಕ್ ಎಲ್ಲರನ್ನೂ ಕರೆಯಿರಿ. ಯಾವ ಹುಡುಗಿಗೆ ಏನು ಕಷ್ಟ ಎಂದು ನಮಗಿಂತ ಮೊದಲು ಗೊತ್ತಾಗುವುದು ಅವರಿಗೇ.

ಇನ್ನೊಂದು ಮಾತು. ವಿದ್ಯಾರ್ಥಿವೇತನ ತಡವಾಗಿ ಶುಲ್ಕ ಬಾಕಿ ಉಳಿಸಿಕೊಂಡವರ ಹೆಸರನ್ನು ನೋಟಿಸ್ ಬೋರ್ಡಿಗೆ ಅಂಟಿಸುವ ರೂಢಿ ನಿಮ್ಮಲ್ಲಿದ್ದರೆ ದಯವಿಟ್ಟು ಇವತ್ತೇ ನಿಲ್ಲಿಸಿ. ಒಬ್ಬೊಬ್ಬರನ್ನೇ ಕರೆದು ಮಾತಾಡಿ.