ಹೊಟ್ಟೆನೋವು, ಕಳೆಯುವ ಲೆಕ್ಕ ಮತ್ತು ಒಂದು ಟ್ಯೂಷನ್

ಮಗುವಿನ ಹೆಸರು, ಶಾಲೆ, ಬಡಾವಣೆ ಯಾವುದನ್ನೂ ಇಲ್ಲಿ ಬರೆಯುತ್ತಿಲ್ಲ. ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ತಾಯಿಯ ಒಪ್ಪಿಗೆ ಇದೆ. ಹುಡುಗಿಯನ್ನು ಚಿನ್ನಿ ಎಂದು ಕರೆಯೋಣ. ಊರು ದಾವಣಗೆರೆ.

ಚಿನ್ನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಎರಡು ತಿಂಗಳಿಂದ ಬೆಳಿಗ್ಗೆ ಯೂನಿಫಾರ್ಮ್ ಹಾಕುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಭಾನುವಾರ ಇಲ್ಲ, ಹಬ್ಬದ ರಜೆಯಲ್ಲೂ ಇಲ್ಲ. ಮಕ್ಕಳ ಡಾಕ್ಟರು ರಕ್ತ, ಮೂತ್ರ, ಸ್ಕ್ಯಾನಿಂಗ್ ಎಲ್ಲ ಮಾಡಿಸಿ, ಏನೂ ತೊಂದರೆ ಇಲ್ಲ ಎಂದ ಮೇಲೆ ತಾವೇ ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಕಳಿಸಿದ್ದರು.

'ಸುಮ್ನೆ ನಾಟಕ ಮಾಡ್ತಾಳ್ರಿ ಮೇಡಂ' ಎಂದರು ತಾಯಿ. ಮಗು ಪಕ್ಕದಲ್ಲೇ ಕೂತಿತ್ತು. ನಾನು ಮೊದಲು ಹೇಳಿದ್ದೇ ಇದು: ನಾಟಕ ಅಲ್ಲ. ಹೆದರಿದ ಮಗುವಿಗೆ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಸ್ಕ್ಯಾನಿಂಗಿನಲ್ಲಿ ಕಾಣದಿದ್ದರೂ ನೋವು ನೋವೇ.

ಚಿನ್ನಿಯ ದಿನ ಹೇಗಿತ್ತು ಅಂದರೆ, ಶಾಲೆ ಬಿಟ್ಟು ನಾಲ್ಕೂವರೆಗೆ ಮನೆ, ಹಾಲು ಕುಡಿದು ಐದಕ್ಕೆ ಟ್ಯೂಷನ್, ಅಲ್ಲಿ ಒಂದೇ ಹಾಲ್‌ನಲ್ಲಿ ಒಂದನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ ಇಪ್ಪತ್ತಕ್ಕೂ ಜಾಸ್ತಿ ಮಕ್ಕಳು, ಏಳರವರೆಗೆ ಶಾಲೆಯ ಹೋಂವರ್ಕ್ ಬರೆಯುವುದು, ಊಟ ಮಾಡಿ ಎಂಟರಿಂದ ಅಮ್ಮನ ಎದುರು ಮತ್ತೆ ಅದೇ ಪುಸ್ತಕ. ಆಟ ಇಲ್ಲ. ಅಪ್ಪನದು ಮಿರ್ಚಿ ಮಂಡಕ್ಕಿ ಗಾಡಿ. ಮಧ್ಯಾಹ್ನ ಮೂರಕ್ಕೆ ಹೋದರೆ ರಾತ್ರಿ ಹನ್ನೊಂದಕ್ಕೆ ಬರುತ್ತಾರೆ. ಓದಿಸುವ ಭಾರವೆಲ್ಲ ತಾಯಿಯದೇ. ಅವರು ಕನ್ನಡ ಮಾಧ್ಯಮದಲ್ಲಿ ಪಿಯುಸಿವರೆಗೆ ಓದಿದವರು, ಮಗಳದು ಇಂಗ್ಲಿಷ್ ಮೀಡಿಯಂ.

ಮಗು ಆಚೆ ಕೂತ ಮೇಲೆ ತಾಯಿ ಇನ್ನೊಂದು ವಿಷಯ ಹೇಳಿದರು. ಒಂದು ರಾತ್ರಿ ಮಗ್ಗಿ ತಪ್ಪಿದ್ದಕ್ಕೆ ಸ್ಕೇಲಿನಿಂದ ಹೊಡೆದರಂತೆ, ಸ್ಕೇಲು ಮುರಿಯಿತಂತೆ. 'ನನ್ನ ಕೈಯಲ್ಲೇ ಹಂಗಾಯ್ತಲ್ಲ' ಎಂದು ತುಂಬ ಹೊತ್ತು ಅತ್ತರು. ಇವರನ್ನು ಕೆಟ್ಟ ತಾಯಿ ಎಂದು ಯಾರೂ ಅಂದುಕೊಳ್ಳಬೇಡಿ. ದಿನವಿಡೀ ಮನೆಗೆಲಸ ಮಾಡಿ, ಗಾಡಿಗೆ ಬೇಕಾದ ಈರುಳ್ಳಿ ಮೆಣಸಿನಕಾಯಿ ಹೆಚ್ಚಿಕೊಟ್ಟು, ತನಗೇ ಬಾರದ ಭಾಷೆಯಲ್ಲಿ ಮಗಳಿಗೆ ಪಾಠ ಹೇಳಬೇಕು ಅಂದರೆ ಎಂಥವರಿಗೂ ತಾಳ್ಮೆ ತಪ್ಪುತ್ತದೆ. ಆದರೆ ಹೊಡೆತ ನಿಲ್ಲಲೇಬೇಕು, ಅದನ್ನು ಆವತ್ತೇ ಹೇಳಿದೆ.

ಅವರ ಪ್ರಶ್ನೆ ಒಂದೇ. 'ಟ್ಯೂಷನ್ ಬಿಡಿಸಲೋ, ಬದಲಿಸಲೋ, ಇಲ್ಲ ಕ್ಲಾಸ್ ಟೀಚರ್ ಮನೆಗೇ ಹಾಕಲೋ?'

ಆಮೇಲೆ ಚಿನ್ನಿಯ ಜೊತೆ ಕೂತೆ. ನಾಲ್ಕು ಕಳೆಯುವ ಲೆಕ್ಕ ಕೊಟ್ಟೆ. ಎಡಗೈಯಿಂದ ಮುಚ್ಚಿಕೊಂಡು ಬರೆದಳು. 52ರಲ್ಲಿ 27 ಕಳೆದರೆ 35 ಎಂದಿತ್ತು. ನಾಲ್ಕರಲ್ಲೂ ಇದೇ ತರಹದ ತಪ್ಪು. ಮೇಲೆ ಇರಲಿ ಕೆಳಗೆ ಇರಲಿ, ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುವುದು. ಅಂದರೆ ಮಗು ಬಾಯಿಗೆ ಬಂದದ್ದು ಬರೆದಿಲ್ಲ, ಅವಳಿಗೊಂದು ನಿಯಮ ಇದೆ, ಆ ನಿಯಮ ತಪ್ಪಿದೆ ಅಷ್ಟೇ. 'ಪಕ್ಕದ ಮನೆಯಿಂದ ಸಾಲ ತರಬೇಕು ಅಂತ ಮಿಸ್ ಹೇಳಿಕೊಟ್ಟಿಲ್ವಾ?' ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು, 'ಸಾಲ ತಂದ್ರೆ ವಾಪಸ್ ಕೊಡಬೇಕಲ್ವಾ ಮೇಡಂ? ಇಲ್ಲಿ ಯಾರೂ ವಾಪಸ್ ಕೊಡಲ್ಲ.'

ಎಂಥ ಒಳ್ಳೆಯ ಪ್ರಶ್ನೆ! ಇದನ್ನು ಯಾರ ಹತ್ತಿರವಾದರೂ ಕೇಳಿದ್ದೀಯಾ ಎಂದರೆ ಇಲ್ಲ ಎಂದು ತಲೆ ಆಡಿಸಿದಳು. ಶಾಲೆಯಲ್ಲಿ ಕೇಳಿದರೆ ಎಲ್ಲರೂ ನಗುತ್ತಾರೆ, ಟ್ಯೂಷನ್‌ನಲ್ಲಿ ಟೈಮ್ ಇಲ್ಲ, ಅಮ್ಮನನ್ನು ಕೇಳಿದರೆ ಬೈಗುಳ. ಆ ಮಗುವಿಗೆ ತಪ್ಪು ಮಾಡುವುದಕ್ಕೆ ಜಾಗವೇ ಇರಲಿಲ್ಲ.

ನನ್ನ ಸಲಹೆಯೆಲ್ಲ ಅಲ್ಲಿಂದಲೇ ಹುಟ್ಟಿತು. ಟ್ಯೂಷನ್ ಬೇಕು, ಆದರೆ ಮಾರ್ಕ್ಸಿಗಾಗಿ ಅಲ್ಲ ಎಂದೆ. ಪಕ್ಕದಲ್ಲಿ ಕೂತು, ಬೈಯದೆ, 'ಇದು ಹೇಗೆ ಬಂತು ಹೇಳು' ಎಂದು ಕೇಳುವ ಒಬ್ಬರು ಬೇಕು. ಅದರಿಂದ ಮಗು ಬಾಯಿ ಬಿಡುತ್ತದೆ. ತನಗೆ ಏನು ಗೊತ್ತಿಲ್ಲ ಅನ್ನುವುದನ್ನು ಹೇಳಲು ಕಲಿಯುತ್ತದೆ, ಇದನ್ನು ಎಷ್ಟೋ ದೊಡ್ಡವರೂ ಕಲಿತಿಲ್ಲ. ಮನೆಯವರಲ್ಲದ ಒಬ್ಬ ದೊಡ್ಡವರ ಜೊತೆ ನಂಬಿಕೆ ಬೆಳೆಯುತ್ತದೆ. ಹತ್ತಿರ ಕೂತವರಿಗೆ ಮಾತ್ರ ಕಾಣುವ ವಿಷಯಗಳೂ ಇರುತ್ತವೆ. ಹಿಂದೆ ಒಬ್ಬ ಹುಡುಗನಿಗೆ ಕನ್ನಡಕ ಬೇಕು ಎಂದು ಮೊದಲು ಕಂಡುಹಿಡಿದವರು ಅವನ ಟ್ಯೂಷನ್ ಅಕ್ಕ. ಎಲ್ಲಕ್ಕಿಂತ ದೊಡ್ಡದು, ಅಮ್ಮ ಮತ್ತೆ ಅಮ್ಮ ಆಗುತ್ತಾರೆ.

ಓದಿನ ಕಡೆಯಿಂದ ನೋಡಿದರೂ ಇದಕ್ಕೆ ಆಧಾರ ಇದೆ. ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಬೆಂಜಮಿನ್ ಬ್ಲೂಮ್ 1984ರಲ್ಲಿ ಬರೆದ ಲೇಖನವೊಂದು ಇದರಲ್ಲಿ ಹೆಸರುವಾಸಿ. ಒಬ್ಬ ಶಿಕ್ಷಕರ ಹತ್ತಿರ ಒಬ್ಬನೇ ಕೂತು ಕಲಿತ ಸಾಧಾರಣ ವಿದ್ಯಾರ್ಥಿ, ಮಾಮೂಲಿ ತರಗತಿಯ 100ರಲ್ಲಿ 98 ಮಂದಿಗಿಂತ ಮುಂದಿರುತ್ತಾನೆ ಎಂದು ಅವರು ತೋರಿಸಿದ್ದರು. ಆಮೇಲಿನ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ಅಂತರ ಸಾಮಾನ್ಯವಾಗಿ ಕಂಡಿಲ್ಲ, ಆದರೆ ಲಾಭ ಇದೆ ಅನ್ನುವುದು ಉಳಿದುಕೊಂಡಿದೆ. ಬ್ಲೂಮ್ ಹೇಳಿದ ಪಾಠದಲ್ಲಿ ಒಂದು ಹಂತ ಚೆನ್ನಾಗಿ ಬಂದ ಮೇಲೆಯೇ ಮುಂದಿನದು. ಇಪ್ಪತ್ತು ಮಕ್ಕಳನ್ನು ಕೂರಿಸಿ ಹೋಂವರ್ಕ್ ಬರೆಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಕ್ಲಾಸ್ ಟೀಚರ್ ವಿಷಯಕ್ಕೆ ಖಡಾಖಂಡಿತವಾಗಿ ಬೇಡ ಎಂದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಾಲೆಯ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ಅದೂ ಅಲ್ಲದೆ, ಮಾರ್ಕ್ಸ್ ಹಾಕುವವರ ಎದುರು ತಪ್ಪು ಮಾಡಲು ಈ ಮಗು ಇನ್ನಷ್ಟು ಹೆದರುತ್ತಿತ್ತು.

ಅವರದೇ ಬೀದಿಯಲ್ಲಿ ಬಿ.ಎಡ್. ಓದುತ್ತಿದ್ದ ಹುಡುಗಿಯೊಬ್ಬಳು ಸಿಕ್ಕಳು. ವಾರಕ್ಕೆ ಮೂರು ದಿನ, ಒಂದೊಂದು ಗಂಟೆ, ಚಿನ್ನಿ ಮತ್ತು ಪಕ್ಕದ ಮನೆಯ ಹುಡುಗ ಇಬ್ಬರೇ. ಪಾಠ ಪಡಸಾಲೆಯಲ್ಲಿ, ಬಾಗಿಲು ತೆರೆದಿರಬೇಕು. ಇದರಲ್ಲಿ ಸಂಕೋಚ ಬೇಡ, ಯಾರ ಮನೆಗೆ ಕಳಿಸಿದರೂ ಇಷ್ಟು ಎಚ್ಚರ ಬೇಕೇ ಬೇಕು. ಹೊಡೆಯುವಂತಿಲ್ಲ. ಉಳಿದ ದಿನ ಐದರಿಂದ ಆರು ಬೀದಿಯಲ್ಲಿ ಆಟ. ರಾತ್ರಿ ಎಂಟರ ಮೇಲೆ ಪುಸ್ತಕ ಮುಚ್ಚಬೇಕು, ತಾಯಿ ಪಾಠ ಕೇಳುವಂತಿಲ್ಲ, 'ಇವತ್ತು ಏನು ಪ್ರಶ್ನೆ ಕೇಳಿದೆ?' ಎಂದು ಮಾತ್ರ ಕೇಳಬಹುದು. ಮೂರು ತಿಂಗಳಾದರೂ ಓದು, ಲೆಕ್ಕ ಹತ್ತದಿದ್ದರೆ ಕಲಿಕೆಯ ತೊಂದರೆ ಏನಾದರೂ ಇದೆಯೇ ಎಂದು ಪರೀಕ್ಷೆ ಮಾಡಿಸೋಣ ಎಂದೂ ಹೇಳಿಟ್ಟೆ. ಅಜ್ಜಿಗೆ ಮಾತ್ರ ಸಿಟ್ಟು. ವಾರಕ್ಕೆ ಮೂರೇ ದಿನಕ್ಕೆ ತಿಂಗಳಿಗೆ 600 ರೂಪಾಯಿ ಯಾಕೆ ಎಂದು.

ಆ ಟ್ಯೂಷನ್ ಅಕ್ಕ ಜಾಣೆ. ಚಿನ್ನಿಯ ಪ್ರಶ್ನೆ ಹೇಳಿದ್ದೇ ತಡ, ಮೊದಲ ದಿನ ಐದು ಹತ್ತರ ನೋಟು, ಎರಡು ಒಂದು ರೂಪಾಯಿ ನಾಣ್ಯ ಇಟ್ಟು, 27 ಕೊಡು ಎಂದಳಂತೆ. ನಾಣ್ಯ ಸಾಲದು. ಅಪ್ಪ ಗಾಡಿಯಲ್ಲಿ ಏನು ಮಾಡುತ್ತಾರೆ? ನೋಟು ಮುರಿಸುತ್ತಾರೆ. ಒಂದು ಹತ್ತರ ನೋಟಿಗೆ ಹತ್ತು ನಾಣ್ಯ, ಈಗ ನಾಲ್ಕು ನೋಟು, ಹನ್ನೆರಡು ನಾಣ್ಯ. ಕೊಟ್ಟ ಮೇಲೆ ಉಳಿದದ್ದು 25. 'ಇದು ಸಾಲ ಅಲ್ಲ ಅಕ್ಕ, ಚಿಲ್ಲರೆ!' ಎಂದು ಕೂಗಿದಳಂತೆ. ಇದನ್ನು ನನಗೆ ಹೇಳುವಾಗಲೂ ಮಗುವಿನ ಮುಖ ಅರಳಿತ್ತು.

ಹೊಟ್ಟೆನೋವು ಒಂದೇ ಸಲಕ್ಕೆ ಹೋಗಲಿಲ್ಲ. ಮೊದಲ ತಿಂಗಳು ವಾರಕ್ಕೆ ಎರಡು ಸಲ ಬರುತ್ತಿತ್ತು, ಟೆಸ್ಟ್ ದಿನ ಈಗಲೂ ಒಮ್ಮೊಮ್ಮೆ ಬರುತ್ತದೆ. ಲೆಕ್ಕ ಸುಧಾರಿಸಿದೆ, ಇಂಗ್ಲಿಷ್ ಸ್ಪೆಲಿಂಗ್ ಇನ್ನೂ ಕಷ್ಟ. ಕ್ಲಾಸಿನಲ್ಲಿ ಎರಡು ಸಲ ಕೈ ಎತ್ತಿದಳು ಎಂದು ಶಾಲೆಯಿಂದ ಸುದ್ದಿ ಬಂತು. ರಾತ್ರಿ ಈಗ ತಾಯಿ ಮಗಳು ಕೂತು ಗಾಡಿಯ ಲೆಕ್ಕ ಬರೆಯುತ್ತಾರೆ, ಅದು ಚಿನ್ನಿಯೇ ಕೇಳಿ ತೆಗೆದುಕೊಂಡ ಕೆಲಸ. ತಾಯಿ ಆ ನಂತರ ಕೈ ಎತ್ತಿಲ್ಲ. ಒಮ್ಮೆ ಎತ್ತಲು ಹೋಗಿ ಅಡುಗೆಮನೆಗೆ ನಡೆದೆ ಎಂದು ತಾವಾಗಿಯೇ ಹೇಳಿದರು.

ಹೋದ ವಾರ ಮತ್ತೆ ಫೋನ್ ಮಾಡಿದ್ದರು. 'ಇಷ್ಟು ಚೆನ್ನಾಗಿ ಆಗ್ತಿದೆಯಲ್ಲ ಮೇಡಂ, ವಾರಕ್ಕೆ ಆರು ದಿನ ಮಾಡಿಬಿಡಲಾ?' ಬೇಡ ಎಂದೆ. ಟ್ಯೂಷನ್ ಇಲ್ಲದ ಆ ಮೂರು ದಿನ ಐದು ಗಂಟೆಗೆ ಚಿನ್ನಿ ಎಲ್ಲಿರುತ್ತಾಳೆ ಎಂದು ಕೇಳಿದೆ. ಬೀದಿಯಲ್ಲಿ ಕುಂಟೆಬಿಲ್ಲೆ ಆಡ್ತಿರ್ತಾಳೆ ಎಂದರು. ಅಲ್ಲೇ ಇರಲಿ ಬಿಡಿ ಎಂದೆ.