ಬೂದುಬಣ್ಣಕ್ಕೆ ತಿರುಗಿದ ಮರದ ಬೇಲಿಗೆ ನೇರವಾಗಿ ಸ್ಟೇನ್ (ಮರದೊಳಗೆ ಇಂಗುವ ಬಣ್ಣದ ಲೇಪ) ಹಚ್ಚಬಹುದೇ?

ಹಚ್ಚಬಾರದು, ಬೂದುಬಣ್ಣದ ಮೇಲ್ಪದರವನ್ನು ತೆಗೆದು, ಮರ ಚೆನ್ನಾಗಿ ಒಣಗಿದ ಮೇಲೆಯೇ ಹಚ್ಚಬೇಕು. ಬಿಸಿಲಿನ ನೇರಳಾತೀತ ಕಿರಣಗಳು ಮರದ ನಾರುಗಳನ್ನು ಬಿಗಿಯಾಗಿ ಹಿಡಿದಿಡುವ ಲಿಗ್ನಿನ್ ಎಂಬ ಪದಾರ್ಥವನ್ನು ಒಡೆಯುತ್ತವೆ, ಒಡೆದದ್ದನ್ನು ಮಳೆ ತೊಳೆದೊಯ್ಯುತ್ತದೆ, ಕೊನೆಗೆ ಮೇಲೆ ಉಳಿಯುವುದು ಉಗುರಿನಿಂದ ಕೆರೆದರೆ ಎದ್ದುಬರುವ ಸಡಿಲ ನಾರು ಮಾತ್ರ. ಅದರ ಮೇಲೆ ಹಚ್ಚಿದ ಸ್ಟೇನ್ ಗಟ್ಟಿ ಮರಕ್ಕೆ ಇಳಿಯದೆ, ಆ ನಾರಿನೊಂದಿಗೇ ಉದುರಿಹೋಗುತ್ತದೆ.

ಸಕಲೇಶಪುರ, ಮೂಡಿಗೆರೆಯ ಕಡೆ ಮಳೆಗಾಲದ ಪಾಚಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಕೈಗವಸು ತೊಟ್ಟು, ಸೋಡಿಯಂ ಪರ್ಕಾರ್ಬೊನೇಟ್ ಎಂಬ ಕೊಳೆ ತೆಗೆಯುವ ರಾಸಾಯನಿಕ ಇರುವ ಪುಡಿಯನ್ನು ನೀರಿನಲ್ಲಿ ಕರಗಿಸಿ ಬಳಿದು, 10-15 ನಿಮಿಷ ಬಿಟ್ಟು, ಮರದ ಗೆರೆಗಳ ಉದ್ದಕ್ಕೂ ಗಡಸು ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಕಬ್ಬಿಣದ ತಂತಿಯ ಬ್ರಷ್ ಖಂಡಿತ ಬೇಡ: ಅದರ ಚೂರುಗಳು ಮರದಲ್ಲಿ ಉಳಿದು, ತೇವ ತಗುಲಿದಾಗ ಕಪ್ಪು ಕಲೆಗಳಾಗುತ್ತವೆ. ಒಣಗಿದ ನಂತರ ಎದ್ದ ನಾರನ್ನು 60 ಅಥವಾ 80ನೇ ನಂಬರಿನ ಉಪ್ಪುಕಾಗದದಿಂದ ಉಜ್ಜಿ, ದೂಳು ಒರೆಸಿ.

ನಮ್ಮ ಮಲೆನಾಡಿನಲ್ಲಿ ಈ ಕೆಲಸಕ್ಕೆ ಡಿಸೆಂಬರ್‌ನಿಂದ ಫೆಬ್ರುವರಿಯವರೆಗಿನ ಒಣ ದಿನಗಳೇ ಸೂಕ್ತ. ಆದರೂ ಬೆಳಗಿನ ಇಬ್ಬನಿ ಪೂರ್ತಿ ಆರುವವರೆಗೆ ಕಾಯಬೇಕು. ಸ್ಟೇನ್ ಡಬ್ಬಿ ತೆರೆಯುವ ಮುನ್ನ ಹಲಗೆಯ ಮೇಲೆ ಕೆಲವು ಹನಿ ನೀರು ಚಿಮುಕಿಸಿ ನೋಡಿ: ಬೇಗ ಇಂಗಿದರೆ ಮರ ಸಿದ್ಧವಾಗಿದೆ, ಮುತ್ತಿನಂತೆ ನಿಂತರೆ ಹಳೆಯ ಲೇಪ ಇನ್ನೂ ಉಳಿದಿದೆ.