ಶ್ವಾಸಕೋಶದಿಂದ ಸೋತ ಹೃದಯಕ್ಕೆ ಚೀನೀ ಕಷಾಯ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನಮ್ಮ ಮಾವನವರಿಗೆ 71 ವರ್ಷ. ಬಹುಕಾಲ ಬೀಡಿ ಸೇದಿದವರು, ಈಗ ಸಿಒಪಿಡಿ (ಉಸಿರುನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದೆ. ಕಾಲು ಊದಿಕೊಂಡಾಗ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದೆವು. ಹೃದಯದ ಬಲಭಾಗ ಹಿಗ್ಗಿದೆ ಎಂದರು. ಇಲ್ಲಿನ ಚೀನೀ ವೈದ್ಯರೊಬ್ಬರು 'ಝೆನ್‌ವು ಟಾಂಗ್' ಎಂಬ ಕಷಾಯ ಬರೆದುಕೊಟ್ಟಿದ್ದಾರೆ. ಕೊಡಬಹುದೇ? ಹೇಗೆ ಕುದಿಸಬೇಕು?
– ಹೆಸರು ಬೇಡ, ಹಾಂಗ್‌ಕಾಂಗ್

ಉತ್ತರ: ಮೊದಲು ಆಗಿರುವುದೇನು ಎಂದು ತಿಳಿಯಿರಿ. ಶ್ವಾಸಕೋಶಕ್ಕೆ ಆಮ್ಲಜನಕ ಸಾಲದೆ ಬಂದಾಗ ಅಲ್ಲಿನ ಸಣ್ಣ ರಕ್ತನಾಳಗಳು ಬಿಗಿಯುತ್ತವೆ. ಆ ಬಿಗಿತದ ವಿರುದ್ಧ ವರ್ಷಗಟ್ಟಲೆ ರಕ್ತ ತಳ್ಳಿ ತಳ್ಳಿ ಹೃದಯದ ಬಲಭಾಗ ಮೊದಲು ದಪ್ಪಗಾಗುತ್ತದೆ, ಆಮೇಲೆ ಹಿಗ್ಗಿ ಸೋಲುತ್ತದೆ. ಆಗ ರಕ್ತ ಹಿಂದಕ್ಕೆ ನಿಂತು ಕಾಲಲ್ಲಿ ನೀರು ತುಂಬುತ್ತದೆ, ಯಕೃತ್ತು ಊದುತ್ತದೆ, ಕತ್ತಿನ ನರ ಎದ್ದು ಕಾಣುತ್ತದೆ. ಚೀನಾದ ಆಸ್ಪತ್ರೆಗಳಲ್ಲಿ ಇದಕ್ಕೆ 'ಫೇ ಶಿನ್ ಬಿಂಗ್' ಎನ್ನುತ್ತಾರೆ.

ಝೆನ್‌ವು ಟಾಂಗ್ ಪೂರ್ವ ಹಾನ್ ವಂಶದ ಕೊನೆಯ ಕಾಲದಲ್ಲಿ, ಅಂದರೆ ಸುಮಾರು 1800 ವರ್ಷಗಳ ಹಿಂದೆ, ಝಾಂಗ್ ಝೋಂಗ್‌ಜಿಂಗ್ ಎಂಬ ವೈದ್ಯ ಬರೆದ ಯೋಗ, ಅಂದರೆ ಹಲವು ಮೂಲಿಕೆಗಳನ್ನು ಕೂಡಿಸಿದ ಮದ್ದು. ಮೈ ತಣ್ಣಗಿದ್ದು, ನೀರು ತುಂಬಿ, ಎದೆ ಬಡಿದುಕೊಳ್ಳುವ ರೋಗಿಗೆ ಅದನ್ನು ಹೇಳಲಾಗಿದೆ. ಈಗ ಸಾಮಾನ್ಯವಾಗಿ ಬರೆಯುವ ದಿನದ ಅಳತೆ ಹೀಗಿರುತ್ತದೆ: ಫೂಝಿ 9 ಗ್ರಾಂ, ಪೈನ್ ಮರದ ಬೇರಿನಲ್ಲಿ ಬೆಳೆಯುವ ಫೂಲಿಂಗ್ ಎಂಬ ಶಿಲೀಂಧ್ರ 9 ಗ್ರಾಂ, ಬಿಳಿ ಪಿಯೋನಿ ಬೇರು 9 ಗ್ರಾಂ, ಹಸಿಶುಂಠಿ 9 ಗ್ರಾಂ, ಬೈಝು ಎಂಬ ಗೆಡ್ಡೆ 6 ಗ್ರಾಂ. ನಾಲ್ಕು ಸೌಮ್ಯ ವಸ್ತುಗಳು. ಐದನೆಯದಾದ ಫೂಝಿಯೇ ಇಲ್ಲಿ ಎಲ್ಲವನ್ನೂ ನಿರ್ಧರಿಸುತ್ತದೆ.

ಫೂಝಿ ನಮ್ಮ ವತ್ಸನಾಭಿಯ ಕುಲಕ್ಕೇ ಸೇರಿದ ಗಿಡದ ಗೆಡ್ಡೆ. ಸಿಚುವಾನ್ ಪ್ರಾಂತ್ಯದ ಜಿಯಾಂಗ್‌ಯೋ ಇದಕ್ಕೆ ಹೆಸರಾದ ಊರು. ಹಸಿ ಗೆಡ್ಡೆಯಲ್ಲಿರುವ ಅಕೋನಿಟಿನ್ ಹೃದಯದ ಬಡಿತವನ್ನೇ ಕೆಡಿಸಿ ಕೊಲ್ಲಬಲ್ಲ ವಿಷ. ಆಯುರ್ವೇದದಲ್ಲಿ ವತ್ಸನಾಭಿಯನ್ನು ಶೋಧನೆ, ಅಂದರೆ ವಿಷ ಇಳಿಸುವ ಶುದ್ಧಿ, ಮಾಡದೆ ಬಳಸುವುದಿಲ್ಲ. ಅದೇ ರೀತಿ ಅಲ್ಲಿ ಉಪ್ಪಿನ ದ್ರಾವಣದಲ್ಲಿ ನೆನೆಸಿ, ಕುದಿಸಿ, ಹಬೆಯಲ್ಲಿ ಬೇಯಿಸಿ ಒಣಗಿಸಿದ ಬಿಲ್ಲೆಗಳನ್ನಷ್ಟೇ ಕಷಾಯಕ್ಕೆ ಬಳಸಬೇಕು. ಮನೆಯಲ್ಲಿ ಮತ್ತೆ ಕುದಿಸುವಾಗ ಉಳಿದ ಅಕೋನಿಟಿನ್ ಒಡೆದು, ನೂರಾರು ಪಟ್ಟು ಸೌಮ್ಯವಾದ ವಸ್ತುವಾಗುತ್ತದೆ. ಆದ್ದರಿಂದ ಕುದಿಯುವ ಹೊತ್ತೇ ಇಲ್ಲಿ ಸುರಕ್ಷತೆ.

ಮಣ್ಣಿನ ಅಥವಾ ಸ್ಟೀಲ್ ಪಾತ್ರೆ ತೆಗೆದುಕೊಳ್ಳಿ. ಕಬ್ಬಿಣ, ಅಲ್ಯೂಮಿನಿಯಂ ಬೇಡ. ಮೊದಲು ಫೂಝಿಯನ್ನಷ್ಟೇ ಧಾರಾಳ ನೀರಿನಲ್ಲಿ, ಕುದಿ ಬಂದ ಮೇಲಿನಿಂದ ಎಣಿಸಿ ಒಂದು ಗಂಟೆ ಕುದಿಸಿ. ನೀರು ಇಂಗಿದರೆ ಬಿಸಿನೀರನ್ನೇ ಸೇರಿಸಿ. ತಣ್ಣೀರು ಹಾಕಿದರೆ ಕುದಿ ನಿಲ್ಲುತ್ತದೆ. ಅರ್ಧ ಗಂಟೆ ನೆನೆಸಿಟ್ಟ ಉಳಿದ ನಾಲ್ಕನ್ನು ಆಮೇಲೆ ಹಾಕಿ, ಇನ್ನೂ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ ಸೋಸಿ. ಚರಟಕ್ಕೆ ಮತ್ತೆ ನೀರು ಹಾಕಿ 20 ನಿಮಿಷ ಕುದಿಸಿ, ಎರಡೂ ಸೋಸಿದ್ದನ್ನು ಬೆರೆಸಿ, ದಿನಕ್ಕೆ ಎರಡು ಪಾಲು ಮಾಡಬೇಕು.

ಅನಾಹುತವಾಗುವುದು ಎಲ್ಲಿ? ಎರಡು ದಿನದ್ದನ್ನು ಒಂದೇ ಪಾತ್ರೆಗೆ ತುಂಬಿ ಹೊತ್ತು ಮಾತ್ರ ಅಷ್ಟೇ ಇಟ್ಟಾಗ. ಬೇಗ ವಾಸಿಯಾಗಲೆಂದು ಅಳತೆ ಏರಿಸಿದಾಗ. ಮದ್ಯದಲ್ಲಿ ನೆನೆಸಿ ಕುಡಿದಾಗ. ನಾಲಿಗೆಗೆ ಹಚ್ಚಿ ಜೋಮು ಹಿಡಿಯದಿದ್ದರೆ ಆಯಿತು ಎಂಬ ಹಳೆಯ ಪರೀಕ್ಷೆಯೊಂದನ್ನೇ ನಂಬಬೇಡಿ. ಕುಡಿದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ತುಟಿ, ನಾಲಿಗೆ, ಬೆರಳು ಜೋಮು ಹಿಡಿದರೆ, ವಾಂತಿಯಾದರೆ, ನಾಡಿ ತಪ್ಪಿದರೆ ತಕ್ಷಣ ತುರ್ತು ವಿಭಾಗಕ್ಕೆ ಹೋಗಿ, ಉಳಿದ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ. ಇದಕ್ಕೆ ಪ್ರತಿವಿಷವಿಲ್ಲ.

ನೇರವಾಗಿ ಹೇಳುತ್ತೇವೆ: ಇಸಿಜಿ ಮತ್ತು ರಕ್ತದ ಪೊಟ್ಯಾಷಿಯಂ ನೋಡದೆ, ಮಾವನವರ ಶ್ವಾಸಕೋಶ ತಜ್ಞರಿಗೆ ಚೀಟಿ ತೋರಿಸದೆ ಶುರು ಮಾಡಬೇಡಿ. ಅವರು ಒಪ್ಪಿದರೆ ಕಷಾಯದ ನೀರನ್ನೂ ದಿನದ ನೀರಿನ ಲೆಕ್ಕಕ್ಕೆ ಸೇರಿಸಿ. ಎರಡು ಲೋಟ ಕಷಾಯವೆಂದರೆ 400 ಮಿ.ಲೀ. ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದ ಮೇಲೆ ತೂಕ ನೋಡಿ. ಎರಡು ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಅದು ನೀರು. ವೈದ್ಯರಿಗೆ ಫೋನ್ ಮಾಡಿ.

ಪ್ರಶ್ನೆ: ಅಪ್ಪ ಲ್ಯಾಸಿಕ್ಸ್, ಡಿಗಾಕ್ಸಿನ್, ಡೆರಿಫಿಲಿನ್, ಅಸಿಟ್ರೋಮ್ ತೆಗೆದುಕೊಳ್ಳುತ್ತಾರೆ, ಇನ್‌ಹೇಲರ್ ಕೂಡ ಇದೆ. ತಮ್ಮ ಗುವಾಂಗ್‌ಝೌನಿಂದ ಗಿಡಮೂಲಿಕೆ ತಂದಿದ್ದಾನೆ. ಗಿಡಮೂಲಿಕೆ ತಾನೇ, ತೊಂದರೆ ಏನು?
– ಓದುಗರು, ಹುಬ್ಬಳ್ಳಿ

ಉತ್ತರ: ಈ ಗಿಡಮೂಲಿಕೆಗಳು ನಿಜವಾಗಿ ಕೆಲಸ ಮಾಡುತ್ತವೆ. ತೊಂದರೆಯೂ ಅಲ್ಲಿಂದಲೇ. ಪೊಟ್ಟಣದ ಮೇಲಿನ ಹೆಸರುಗಳನ್ನು ಓದಿಸಿ, ಈ ನಾಲ್ಕನ್ನು ಹುಡುಕಿ.

ಗಾನ್‌ಚಾವೋ, ಅಂದರೆ ನಮ್ಮ ಜ್ಯೇಷ್ಠಮಧುವಿನ ಕುಲದ್ದು. ಚೀನೀ ಯೋಗಗಳಲ್ಲಿ ಬಹುಪಾಲಿನಲ್ಲಿ ಇರುತ್ತದೆ. ಹೆಚ್ಚು ದಿನ ತೆಗೆದುಕೊಂಡರೆ ದೇಹದಲ್ಲಿ ಉಪ್ಪು, ನೀರು ನಿಲ್ಲುತ್ತದೆ, ಪೊಟ್ಯಾಷಿಯಂ ಸೋರುತ್ತದೆ. ನಿಮ್ಮ ತಂದೆಗೆ ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಈಗಾಗಲೇ ಪೊಟ್ಯಾಷಿಯಂ ಕಳೆಯುತ್ತಿದೆ, ಇನ್‌ಹೇಲರ್‌ನಲ್ಲಿ ಸಾಲ್‌ಬುಟಮಾಲ್ ಇದ್ದರೆ ಅದೂ ಇಳಿಸುತ್ತದೆ. ಪೊಟ್ಯಾಷಿಯಂ ಕಡಿಮೆಯಾದಷ್ಟೂ ಹೃದಯದ ಮಾತ್ರೆ ಡಿಗಾಕ್ಸಿನ್ ವಿಷವಾಗುತ್ತದೆ. ಆಮ್ಲಜನಕ ಕಡಿಮೆ ಇರುವ ಹೃದಯದಲ್ಲಿ ಇನ್ನೂ ಬೇಗ. ಊತ ಇಳಿಯಲೆಂದು ಕೊಟ್ಟ ಕಷಾಯದಿಂದಲೇ ಊತ ಏರುವುದೂ ಉಂಟು.

ಮಾಹ್ವಾಂಗ್ ಎಂಬುದರಲ್ಲಿ ಎಫೆಡ್ರಿನ್ ಇದೆ. ಉಸಿರು ಸಲೀಸಾದಂತೆ ಅನ್ನಿಸುತ್ತದೆ, ಆದರೆ ಉಸಿರುನಾಳ ಹಿಗ್ಗಿಸುವ ಡೆರಿಫಿಲಿನ್ ಜೊತೆಗೆ ಹೃದಯ ಓಡತೊಡಗುತ್ತದೆ. ಆಹಾರ ಪೂರಕಗಳಲ್ಲಿ ಇದನ್ನು ಅಮೆರಿಕ 2004ರಲ್ಲಿ ನಿಷೇಧಿಸಿತು. ದಾನ್‌ಶೆನ್ ಎಂಬ ಕೆಂಪು ಬೇರು ರಕ್ತ ತಿಳಿಯಾಗಿಸುವ ವಾರ್ಫರಿನ್‌ನ ಪರಿಣಾಮ ಹೆಚ್ಚಿಸಿ ರಕ್ತಸ್ರಾವಕ್ಕೆ ದಾರಿ ಮಾಡುತ್ತದೆ. ಅಸಿಟ್ರೋಮ್ ಅದೇ ಗುಂಪಿನ ಮಾತ್ರೆ. ಡಿಗಾಕ್ಸಿನ್ ಮಟ್ಟ ಅಳೆಯುವ ಕೆಲವು ಪರೀಕ್ಷೆಗಳನ್ನೂ ದಾನ್‌ಶೆನ್ ದಾರಿ ತಪ್ಪಿಸುತ್ತದೆ. ನಾಲ್ಕನೆಯದು ಟಿಂಗ್‌ಲಿ ಬೀಜ. ಅದರಲ್ಲಿ ಡಿಗಾಕ್ಸಿನ್‌ನಂತೆಯೇ ಹೃದಯದ ಮೇಲೆ ಕೆಲಸ ಮಾಡುವ ವಸ್ತುಗಳಿವೆ. ಅಂದರೆ ಡಿಗಾಕ್ಸಿನ್ ಎರಡು ಸಲ ಕೊಟ್ಟ ಹಾಗೆ.

ನಿಮ್ಮ ತಂದೆಯ ಮಾತ್ರೆಗಳ ಪಟ್ಟಿಗೆ ಈ ನಾಲ್ಕೂ ಸೇರಕೂಡದು. ಈಗಾಗಲೇ ಕೊಟ್ಟಿದ್ದರೆ ನಿಲ್ಲಿಸಿ. ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಹೊತ್ತಿನ ಪರೀಕ್ಷೆ), ಪೊಟ್ಯಾಷಿಯಂ, ಇಸಿಜಿ ಈ ವಾರವೇ ಮಾಡಿಸಿ. ರಕ್ತ ತಿಳಿ ಮಾಡುವ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಪ್ರಶ್ನೆ: ಅಷ್ಟು ಹಳೆಯ ಚೀನೀ ಗ್ರಂಥಗಳಲ್ಲಿ ಈ ಕಾಯಿಲೆಯ ವಿವರ ಇತ್ತೇ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಇತ್ತು, ಬೆರಗಾಗುವಷ್ಟು ಸ್ಪಷ್ಟವಾಗಿ. ಝಾಂಗ್ ಝೋಂಗ್‌ಜಿಂಗ್ ಅವರದೇ 'ಜಿನ್‌ಗುಯಿ ಯಾವೋಲುಯೆ'ಯಲ್ಲಿ ಉಬ್ಬಸ, ಎದೆ ತುಂಬಿದಂತಾಗುವುದು, ಎದೆಗುಂಡಿಯ ಕೆಳಗೆ ಗಟ್ಟಿಯಾಗುವುದು, ಮುಖ ಕಪ್ಪಿಡುವುದು ಎಂಬ ಲಕ್ಷಣಗಳು ಒಂದೇ ಕಡೆ ಬರುತ್ತವೆ. ಇಂದು ಓದಿದರೆ ಊದಿದ ಯಕೃತ್ತು, ಆಮ್ಲಜನಕವಿಲ್ಲದೆ ನೀಲಿಗಟ್ಟಿದ ಮುಖ ಕಣ್ಣೆದುರು ಬರುತ್ತದೆ. ಅದಕ್ಕೆ ಹೇಳಿದ ಯೋಗ ಮು ಫಾಂಗ್‌ಜಿ ಟಾಂಗ್. ಮಲಗಲಾಗದಷ್ಟು ದಮ್ಮು ಕಟ್ಟಿದವರಿಗೆ ಇನ್ನೊಂದು ಯೋಗವಿದೆ: ಹುರಿದು ಕುಟ್ಟಿ ಉಂಡೆ ಮಾಡಿದ ಟಿಂಗ್‌ಲಿ ಬೀಜ. 12 ಚೀನೀ ಖರ್ಜೂರಗಳನ್ನು ಮೊದಲು ಕುದಿಸಿ ತೆಗೆದು, ಆ ನೀರಿನಲ್ಲಿ ಉಂಡೆ ಬೇಯಿಸಬೇಕು. ಬೀಜದ ಕಟುತನಕ್ಕೆ ಹೊಟ್ಟೆ ಕೆಡದಿರಲೆಂದು ಖರ್ಜೂರ.

ಆದರೆ ಫಾಂಗ್‌ಜಿ ಎಂಬ ಹೆಸರಿನಲ್ಲಿ ಬೇರೆ ಬೇರೆ ಗಿಡಗಳ ಬೇರು ಮಾರಾಟವಾಗುತ್ತಿತ್ತು. ಕೆಲವದರಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ಅದು ಮೂತ್ರಪಿಂಡವನ್ನು ಮತ್ತೆ ಚೇತರಿಸದಂತೆ ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಗೆ ಈ ಬೇರು ಅದಲುಬದಲಾಗಿ ಸೇರಿ ಅನೇಕ ಮಹಿಳೆಯರ ಕಿಡ್ನಿ ಹೋಯಿತು. ಗ್ರಂಥ ಎಷ್ಟೇ ಸರಿಯಿದ್ದರೂ ಡಬ್ಬಿಯಲ್ಲಿರುವ ಬೇರು ಅದೇ ಎಂದು ಖಾತ್ರಿಯಿಲ್ಲದಿದ್ದರೆ ಮುಟ್ಟಬಾರದು.

ಪ್ರಶ್ನೆ: ಚಿಲಿ ಚಿಯಾಂಗ್‌ಶಿನ್ ಎಂಬ ಚೀನೀ ಕ್ಯಾಪ್ಸೂಲ್ ಹೃದಯ ವೈಫಲ್ಯಕ್ಕೆ ಸಾಬೀತಾಗಿದೆಯಂತೆ. ಸಿಒಪಿಡಿಯಿಂದ ಬಂದದ್ದಕ್ಕೂ ಆಗುತ್ತದೆಯೇ?
– ಓದುಗರು, ಬೆಂಗಳೂರು

ಉತ್ತರ: 2024ರಲ್ಲಿ ಪ್ರಕಟವಾದ ಆ ಪ್ರಯೋಗ ದೊಡ್ಡದು, ಚೆನ್ನಾಗಿಯೇ ನಡೆದದ್ದು: ಮೂರು ಸಾವಿರಕ್ಕೂ ಹೆಚ್ಚು ರೋಗಿಗಳು, ಮಾಮೂಲಿ ಮಾತ್ರೆಗಳ ಜೊತೆಗೆ ಕ್ಯಾಪ್ಸೂಲ್ ಅಥವಾ ಹುಸಿ ಕ್ಯಾಪ್ಸೂಲ್. ಆಸ್ಪತ್ರೆ ಸೇರುವುದು ಇಲ್ಲವೇ ಹೃದಯದಿಂದ ಸಾಯುವುದು ಸುಮಾರು ಶೇ 30ರಿಂದ ಶೇ 25ಕ್ಕೆ ಇಳಿಯಿತು. ಆದರೆ ಅವರೆಲ್ಲ ಹೃದಯದ ಎಡಭಾಗ ಸೋತವರು. ನಿಮ್ಮ ಪ್ರಶ್ನೆಯ ಕಾಯಿಲೆಯಲ್ಲಿ ಮೂಲ ಶ್ವಾಸಕೋಶ. ಆ ಫಲಿತಾಂಶವನ್ನು ಇಲ್ಲಿಗೆ ಎಳೆದು ತರಲಾಗದು. ಕ್ಯಾಪ್ಸೂಲಿನಲ್ಲಿ ಫೂಝಿ, ದಾನ್‌ಶೆನ್, ಟಿಂಗ್‌ಲಿ ಮೂರೂ ಇವೆ ಎಂಬುದನ್ನೂ ಗಮನಿಸಿ.

ಪ್ರಶ್ನೆ: ಅಮ್ಮ ಜೀವನಪೂರ್ತಿ ಸೌದೆ ಒಲೆಯ ಮುಂದೆ ಕೂತವರು. ಮನೆಯಲ್ಲೇ ಆಕ್ಸಿಜನ್ ಕೊಡಿ ಎಂದಿದ್ದಾರೆ. ಅಭ್ಯಾಸವಾಗಿಬಿಡುತ್ತದೆ, ಅದರ ಬದಲು ಚೀನೀ ಮದ್ದು ಕೊಡಿ ಎನ್ನುತ್ತಾರೆ ನೆಂಟರು.
– ಹೆಸರು ಬೇಡ, ಚಾಮರಾಜನಗರ

ಉತ್ತರ: ಆಕ್ಸಿಜನ್ ಚಟವಲ್ಲ. ರಕ್ತದಲ್ಲಿ ಆಮ್ಲಜನಕದ ಒತ್ತಡ 55 ಮಿ.ಮೀ. ಅಥವಾ ಕಡಿಮೆ ಇದ್ದವರಿಗೆ, ಬಲ ಹೃದಯ ಸೋತಿದ್ದರೆ 59ರವರೆಗೆ ಇದ್ದವರಿಗೂ, ದಿನಕ್ಕೆ ಕನಿಷ್ಠ 15 ಗಂಟೆ ಕೊಟ್ಟರೆ ಆಯುಸ್ಸು ಹೆಚ್ಚುತ್ತದೆ. ಯಾವ ಕಷಾಯವೂ ಇದನ್ನು ಮಾಡಿ ತೋರಿಸಿಲ್ಲ. ಬಿಗಿದ ರಕ್ತನಾಳ ಸಡಿಲವಾಗಬೇಕಾದರೆ ಬೇಕಾದದ್ದು ಆಮ್ಲಜನಕವೇ. ನಿದ್ದೆಯ ಹೊತ್ತನ್ನೂ ಸೇರಿಸಿದರೆ 15 ಗಂಟೆ ಕಷ್ಟವಲ್ಲ.

ಸಾಮಾನ್ಯವಾಗಿ ನಿಮಿಷಕ್ಕೆ 1–2 ಲೀಟರ್ ಸಾಕು. ಬೆರಳಿಗೆ ಹಾಕುವ ಯಂತ್ರದಲ್ಲಿ ಆಮ್ಲಜನಕದ ಪ್ರಮಾಣ ಶೇ 88ರಿಂದ 92 ಇರಲಿ. 98 ಬರಲೆಂದು ಏರಿಸಬೇಡಿ. ಇಂಥ ಶ್ವಾಸಕೋಶದಲ್ಲಿ ಅತಿಯಾದ ಆಮ್ಲಜನಕದಿಂದ ಇಂಗಾಲದ ಡೈಆಕ್ಸೈಡ್ ಏರಿ ಬೆಳಗಿನ ತಲೆನೋವು, ಮಂಪರು, ಕೊನೆಗೆ ಎಚ್ಚರ ತಪ್ಪುವುದು ಆಗುತ್ತದೆ. ಯಂತ್ರ, ನಳಿಕೆ ಒಲೆಯಿಂದ ಕನಿಷ್ಠ 3 ಮೀಟರ್ ದೂರವಿರಲಿ.

ಅಮ್ಮ ಅಡುಗೆಮನೆಗೆ ಹೋಗುವುದು ನಿಲ್ಲಬೇಕು. ಮನೆಯ ಉಳಿದ ಹೆಣ್ಣುಮಕ್ಕಳಿಗೂ ಗ್ಯಾಸ್ ಒಲೆ ಬರಲಿ. ಸೌದೆ ತಪ್ಪದಿದ್ದರೆ ಹೊಗೆ ಹೊರಗೆ ಹೋಗಲು ಕೊಳವೆ ಇರಲಿ. ಚೀನಾದ ಯುನ್ನಾನ್ ಪ್ರಾಂತ್ಯದ ಶ್ವಾನ್‌ವೇಯಲ್ಲಿ ಹೊಗೆಗೊಳವೆಯಿಲ್ಲದ ಒಲೆಯಲ್ಲಿ ಕಲ್ಲಿದ್ದಲು ಉರಿಸುತ್ತಿದ್ದ ಮನೆಗಳಿಗೆ ಕೊಳವೆ ಹಾಕಿಸಿದ ಮೇಲೆ ಸಿಒಪಿಡಿಯೂ ಶ್ವಾಸಕೋಶದ ಕ್ಯಾನ್ಸರೂ ಕಡಿಮೆಯಾದವು. ಸಿಒಪಿಡಿಯ ಇಳಿಕೆ 10 ವರ್ಷ ದಾಟಿದ ಮೇಲೆ ಇನ್ನೂ ಹೆಚ್ಚಾಗಿ ಕಂಡಿತು. ಆದ್ದರಿಂದ ಕೊಳವೆಯ ಕೆಲಸವನ್ನು ಈ ಬೇಸಿಗೆಯಲ್ಲೇ ಮಾಡಿಸಿ.